ದೇವರನ್ನು ನಂಬದವನು ಒಳ್ಳೆಯವನಾಗಿರಬಲ್ಲನೇ?

ಮನುಷ್ಯನು ಒಳ್ಳೆಯದನ್ನು ಮಾಡುವುದೇಕೆ? ಕೆಟ್ಟದ್ದನ್ನು ಮಾಡಲು ಅವಕಾಶವಿದ್ದಾಗಲೂ, ನೋಡುವವರು ಯಾರೂ ಇಲ್ಲದಾಗಲೂ ಅವನ ಕೈಯನ್ನು ತಡೆದು ನಿಲ್ಲಿಸುವ ಶಕ್ತಿ ಯಾವುದು? ಅದು ದೇವರ ಭಯವೆಂದು ನಮ್ಮ ಹಿರಿಯರು ತಡವಿಲ್ಲದೆ ಉತ್ತರಿಸುತ್ತಿದ್ದರು. "ದೇವರ ಭಯ ಇಲ್ಲದವ" ಎಂಬ ಮಾತು ನಮ್ಮ ಭಾಗದಲ್ಲಿ ಇಂದಿಗೂ ದೊಡ್ಡ ಬೈಗುಳವೇ ಆಗಿದೆ. ಸಾಲ ಕೊಟ್ಟು ಮೋಸ ಹೋದವನೂ, ಹೊಲದ ಬದು ಒತ್ತುವರಿಯಾದವನೂ ಆ ಮಾತನ್ನೇ ಆಡುತ್ತಾರೆ. ಈ ಬೈಗುಳದ ಹಿಂದೆ ಒಂದು ಸಿದ್ಧಾಂತವಿದೆ. ದೇವರನ್ನು ನಂಬುವವನು ನೀತಿವಂತ, ನಂಬದವನು ನೀತಿಗೆಟ್ಟವ ಎಂಬುದೇ ಆ ಸಿದ್ಧಾಂತ. ಅದು ಎಷ್ಟರಮಟ್ಟಿಗೆ ಸತ್ಯವೆಂಬುದನ್ನು ವಿಶ್ವಾಸಿಗಳಾದ ನಾವು ಪರಾಮರ್ಶಿಸಿ ನೋಡುವುದು ಅಗತ್ಯವಾಗಿದೆ.

ಏಕೆಂದರೆ ಇದು ತತ್ತ್ವಶಾಸ್ತ್ರದ ತರಗತಿಗೆ ಮಾತ್ರ ಸೇರಿದ ಪ್ರಶ್ನೆಯಾಗಿ ಉಳಿದಿಲ್ಲ. ವಾಡಿ, ಶಹಾಬಾದ್, ಸೇಡಂಗಳ ಕಥೋಲಿಕ ಮನೆಗಳಿಂದ ಮಕ್ಕಳು ಓದಲೆಂದು ಕಲಬುರಗಿಗೆ, ಹೈದರಾಬಾದಿಗೆ, ಬೆಂಗಳೂರಿಗೆ ಹೋಗುತ್ತಾರೆ. ಅವರಲ್ಲಿ ಕೆಲವರು ಕ್ರಿಸ್ತಜಯಂತಿಗೆ ಊರಿಗೆ ಬಂದಾಗ ಬಲಿಪೂಜೆಗೆ ಬರಲು ಒಪ್ಪುವುದಿಲ್ಲ. "ಫಾದರ್, ನಮ್ಮ ಹುಡುಗ ದೇವರೇ ಇಲ್ಲ ಅಂತಾನ್ರಿ. ಇನ್ನ ಅವ ಎಂಥಾ ದಾರಿ ಹಿಡಿತಾನೋ ಏನೋ" ಎಂದು ತಾಯಂದಿರು ಕಣ್ಣೀರಿಡುತ್ತಾರೆ. ಮಗನೊಡನೆ ಮಾತು ಬಿಟ್ಟ ತಂದೆಯರಿದ್ದಾರೆ. ತಂಗಿಯ ಮದುವೆಯ ಮಾತುಕತೆಗೂ ಅಣ್ಣನನ್ನು ಕರೆಯದ ಮನೆಗಳಿವೆ. ಈ ಪ್ರಶ್ನೆಗೆ ನಾವು ಕೊಡುವ ಉತ್ತರ ತಪ್ಪಾದರೆ ಒಂದು ಕುಟುಂಬವೇ ಒಡೆದುಹೋಗಬಹುದು.

ಯಾರೂ ನೋಡದ ಹೊತ್ತು

ಮೊದಲು ನಮ್ಮ ಸುತ್ತಲಿನ ಬದುಕನ್ನೇ ನೋಡೋಣ. ಸೇಡಂ ಭಾಗದ ರೈತನು ತೊಗರಿಯ ಚೀಲಗಳನ್ನು ಮಾರಾಟಕ್ಕೆ ತಂದಾಗ, ತೂಕ ಮಾಡುವವನು ಒಂದೆರಡು ಕಿಲೋವನ್ನು ಸುಲಭವಾಗಿ ಕದಿಯಬಹುದು. ಶಹಾಬಾದಿನ ಕಲ್ಲುಗಣಿಯಲ್ಲಿ ಹಾಜರಿ ಬರೆಯುವವನು ಒಬ್ಬ ಕೂಲಿಕಾರನ ಒಂದು ದಿನದ ದುಡಿಮೆಯನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ ಕೇಳುವವರು ಕಡಿಮೆ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿಗೆ, ಹೈದರಾಬಾದಿಗೆ ಗುಳೆ ಹೋಗುವವರು ಮನೆಯ ಕೀಲಿಯನ್ನೂ ವಯಸ್ಸಾದ ತಾಯಿಯನ್ನೂ ನೆರೆಯವರಿಗೆ ಒಪ್ಪಿಸಿ ಹೋಗುತ್ತಾರೆ. 1874ರಲ್ಲಿ ಸಿಕಂದರಾಬಾದಿನತ್ತ ನಿಜಾಮರ ರೈಲುದಾರಿ ಆರಂಭವಾದಂದಿನಿಂದ ವಾಡಿ ಜಂಕ್ಷನ್ ಇರುಳಿಡೀ ಎಚ್ಚರವಾಗಿರುವ ಸ್ಥಳ. ಅಲ್ಲಿ ರಾತ್ರಿಪಾಳಿಯ ಕೆಲಸಗಾರನು ಹಳಿಯನ್ನು ನೋಡದೆಯೇ ನೋಡಿದೆನೆಂದು ಪುಸ್ತಕದಲ್ಲಿ ಬರೆದು ಮಲಗಬಹುದು.

ಆದರೂ ಬಹುಪಾಲು ಜನರು ಹಾಗೆ ಮಾಡುವುದಿಲ್ಲ. ತೂಕ ಸರಿಯಾಗಿರುತ್ತದೆ, ಹಾಜರಿ ಸರಿಯಾಗಿರುತ್ತದೆ, ಮುದುಕಿಗೆ ಹೊತ್ತು ಹೊತ್ತಿಗೆ ರೊಟ್ಟಿ ಸಿಗುತ್ತದೆ, ರೈಲುಗಳು ಸುರಕ್ಷಿತವಾಗಿ ದಾಟುತ್ತವೆ. ಇದನ್ನೆಲ್ಲ ಮಾಡುವವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಬೌದ್ಧರಿದ್ದಾರೆ, ಕ್ರೈಸ್ತರಿದ್ದಾರೆ. ಯಾವ ದೇವರಿಗೂ ಕೈ ಮುಗಿಯದವರೂ ಇದ್ದಾರೆ. ಕೀಲಿಯನ್ನು ಕೊಡುವಾಗ ನಾವು ನೆರೆಯವನ ವಿಶ್ವಾಸಸಂಗ್ರಹವನ್ನು ಕೇಳುವುದಿಲ್ಲ, ಅವನ ನಡತೆಯನ್ನು ನೋಡುತ್ತೇವೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ ಈ ವಿಷಯವನ್ನು ಒಂದು ಕಥೆಯ ಮೂಲಕ ಚರ್ಚಿಸಿದ್ದಾನೆ. ಗೈಜೀಸ್ ಎಂಬ ಕುರುಬನಿಗೆ ಒಂದು ಉಂಗುರ ದೊರೆಯುತ್ತದೆ. ಅದನ್ನು ತಿರುಗಿಸಿದರೆ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ಬಲದಿಂದ ಅವನು ಅರಸನನ್ನು ಕೊಂದು ಸಿಂಹಾಸನವನ್ನೇ ವಶಪಡಿಸಿಕೊಳ್ಳುತ್ತಾನೆ. ಅಂಥ ಉಂಗುರ ನೀತಿವಂತನ ಕೈಗೆ ಸಿಕ್ಕರೆ ಅವನಾದರೂ ನೀತಿವಂತನಾಗಿಯೇ ಉಳಿಯುವನೇ ಎಂಬುದು ಅಲ್ಲಿಯ ಪ್ರಶ್ನೆ. ದೇವರು ಎಲ್ಲವನ್ನೂ ನೋಡುತ್ತಾರೆ, ಅವರ ಮುಂದೆ ಯಾವ ಉಂಗುರವೂ ನಡೆಯದು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಇದು ಸತ್ಯವೇ. ಆದರೆ ಈ ಉತ್ತರ ಇಷ್ಟಕ್ಕೇ ನಿಂತರೆ ಸಾಲದು. ನೋಡುತ್ತಾರೆಂಬ ಕಾರಣಕ್ಕೆ ಮಾತ್ರ ಕದಿಯದವನು ಇನ್ನೂ ಪ್ರಾಮಾಣಿಕನಾಗಿಲ್ಲ, ಜಾಗರೂಕನಾಗಿದ್ದಾನೆ ಅಷ್ಟೆ. ಅಂಗಡಿಯ ಮೂಲೆಯಲ್ಲಿರುವ ಕ್ಯಾಮೆರಾ ಮಾಡುವ ಕೆಲಸವನ್ನೇ ದೇವರಿಗೆ ವಹಿಸಿಕೊಟ್ಟರೆ ಅದು ದೇವರಿಗೆ ನಾವು ಮಾಡುವ ಗೌರವವೆನಿಸದು.

ಮಳಖೇಡದ ಪಾಠ

ದೇವರಿಲ್ಲದೆ ನೀತಿಯಿಲ್ಲ ಎಂಬ ವಾದವನ್ನು ಒರೆಗೆ ಹಚ್ಚಲು ದೂರ ಹೋಗಬೇಕಾಗಿಲ್ಲ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವು ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿತ್ತು. ಅಮೋಘವರ್ಷ ನೃಪತುಂಗನು ಕ್ರಿ.ಶ. 814ರಿಂದ ಆರು ದಶಕಗಳಿಗೂ ಹೆಚ್ಚು ಕಾಲ ಅಲ್ಲಿಂದ ಆಳಿದನು. ಕನ್ನಡದ ಮೊದಲ ಲಭ್ಯ ಗ್ರಂಥವಾದ ಕವಿರಾಜಮಾರ್ಗ ಅವನ ಆಸ್ಥಾನದಲ್ಲಿ ರಚಿತವಾಯಿತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಗುಣವನ್ನು ಆ ಗ್ರಂಥವು ನಿಜವಾದ ಸಂಪತ್ತೆಂದು ಎಣಿಸಿತು.

ಆ ಅರಸನ ಗುರುವಾಗಿದ್ದವರು ಜೈನಾಚಾರ್ಯ ಜಿನಸೇನರು. ಜಗತ್ತಿಗೆ ಸೃಷ್ಟಿಕರ್ತನೊಬ್ಬನು ಇದ್ದಾನೆಂಬ ಮತವನ್ನು ಅವರು ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ ನೇರವಾಗಿ ಖಂಡಿಸಿದ್ದಾರೆ. ಸೃಷ್ಟಿಗೆ ಮೊದಲು ಆ ಕರ್ತನು ಎಲ್ಲಿದ್ದನು, ಸಾಮಗ್ರಿಯಿಲ್ಲದೆ ಹೇಗೆ ನಿರ್ಮಿಸಿದನು, ಕೊರತೆಯಿಲ್ಲದವನಾದರೆ ನಿರ್ಮಿಸುವ ಬಯಕೆಯಾದರೂ ಏಕೆ ಹುಟ್ಟಿತು ಎಂಬುದು ಅವರ ವಾದಸರಣಿ. ಸೃಷ್ಟಿಕರ್ತರನ್ನು ನಂಬುವ ನಮಗೆ ಈ ವಾದ ಒಪ್ಪಿಗೆಯಾಗದು. ಇದಕ್ಕೆ ನಮ್ಮ ದಾರ್ಶನಿಕರಲ್ಲಿ ಉತ್ತರವೂ ಇದೆ. ಆದರೆ ಇಲ್ಲಿ ಗಮನಿಸಬೇಕಾದ ಅಂಶ ಬೇರೆ. ತೀರ್ಪು ಕೊಡುವ ದೇವರನ್ನು ಒಪ್ಪದ ಆ ಧರ್ಮವೇ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಐದು ವ್ರತಗಳನ್ನು ವಿಧಿಸಿತು. ಕಾಲ ಕೆಳಗಿನ ಇರುವೆಗೂ ನೋವಾಗಬಾರದೆಂಬಷ್ಟು ಸೂಕ್ಷ್ಮವಾದ ನೀತಿಯನ್ನು ಅದು ಬೆಳೆಸಿತು. ಮಳಖೇಡದಲ್ಲಿ ನೇಮಿನಾಥ ಬಸದಿ ಇಂದಿಗೂ ಇದೆ. ಅದೇ ಊರಿನಲ್ಲಿ ಸರ್ವತಂತ್ರಸ್ವತಂತ್ರನಾದ ಭಗವಂತನನ್ನು ಸಾರಿದ ಮಾಧ್ವ ಯತಿಗಳ ಬೃಂದಾವನಗಳೂ ಇವೆ. ದೇವರ ವಿಷಯದಲ್ಲಿ ಇವೆರಡು ಪರಂಪರೆಗಳ ನಡುವೆ ಅಜಗಜಾಂತರವಿದೆ. ಆದರೂ ಕದಿಯಬೇಡ, ಸುಳ್ಳಾಡಬೇಡ, ಪರಸ್ತ್ರೀಯನ್ನು ಬಯಸಬೇಡ ಎನ್ನುವಲ್ಲಿ ಎರಡೂ ಒಂದೇ.

'ನಾಸ್ತಿಕ' ಎಂಬ ಪದವನ್ನು ಬಳಸುವಾಗಲೂ ಎಚ್ಚರಿಕೆ ಬೇಕು. ಪ್ರಾಚೀನ ಭಾರತೀಯ ದರ್ಶನಗಳಲ್ಲಿ ವೇದಗಳ ಪ್ರಾಮಾಣ್ಯವನ್ನು ಒಪ್ಪದವರನ್ನೂ ನಾಸ್ತಿಕರೆಂದು ಕರೆಯುವ ರೂಢಿಯಿತ್ತು. ಆ ಅಳತೆಗೋಲನ್ನು ಹಿಡಿದರೆ ನಾವೂ ನಾಸ್ತಿಕರೇ ಆಗುತ್ತೇವೆ. ರೋಮನ್ ಸಾಮ್ರಾಜ್ಯದಲ್ಲಿ ಆದಿಕ್ರೈಸ್ತರ ಮೇಲೆ ಹೊರಿಸಿದ್ದ ಆರೋಪಗಳಲ್ಲಿ ನಾಸ್ತಿಕತೆಯೂ ಒಂದು, ಏಕೆಂದರೆ ಅವರು ಸಾಮ್ರಾಜ್ಯದ ದೇವತೆಗಳಿಗೆ ಬಲಿ ಅರ್ಪಿಸಲಿಲ್ಲ. ಎರಡನೆಯ ಶತಮಾನದಲ್ಲಿ ಸ್ಮಿರ್ನದ ಧರ್ಮಾಧ್ಯಕ್ಷರಾದ ಸಂತ ಪಾಲಿಕಾರ್ಪರು ರಕ್ತಸಾಕ್ಷಿಯಾದಾಗ ನೆರೆದ ಜನರು ನಾಸ್ತಿಕರು ನಾಶವಾಗಲೆಂದು ಕೂಗಿದ್ದು ಅವರನ್ನೂ ಅವರ ಜನರನ್ನೂ ಕುರಿತೇ. ಒಂದು ಕಾಲದಲ್ಲಿ ನಮ್ಮ ಹಿರಿಯರ ಮೇಲೆ ಬಿದ್ದ ಕಲ್ಲನ್ನು ನಾವು ಇನ್ನೊಬ್ಬರ ಮೇಲೆ ಎಸೆಯುವ ಮೊದಲು ಯೋಚಿಸಬೇಕಾಗುತ್ತದೆ.

ಸನ್ನತಿಯ ಶಿಲೆ

ಮಳಖೇಡಕ್ಕಿಂತಲೂ ಸಾವಿರ ವರ್ಷ ಹಿಂದಕ್ಕೆ ಹೋದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿ ನಮ್ಮೊಡನೆ ಮಾತನಾಡುತ್ತದೆ. ಭೀಮಾ ನದಿಯ ದಂಡೆಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಮುಂದೆ ಆ ಗುಡಿಯ ಕಲ್ಲುಗಳನ್ನು ಪರೀಕ್ಷಿಸಿದಾಗ ವಿಗ್ರಹದ ಪೀಠವಾಗಿದ್ದ ಶಿಲೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು ಕಂಡುಬಂದವು. ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪದ ಉತ್ಖನನದಲ್ಲಿ ಅಶೋಕನ ಹೆಸರು ಕೊರೆದ ಅವನ ಶಿಲ್ಪವೂ ದೊರೆಯಿತು.

ಸನ್ನತಿಯ ಶಿಲೆಯ ಮೇಲಿರುವವು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ಸ್ವಂತ ಪಂಥವನ್ನು ಹೊಗಳಿ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಆದ್ದರಿಂದ ನಾಲಿಗೆಯಲ್ಲಿ ಸಂಯಮವಿರಲಿ ಎಂಬುದು ಹನ್ನೆರಡನೆಯ ಶಾಸನದ ತಾತ್ಪರ್ಯ. ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿಯೂ ಇರುವ ಪ್ರತ್ಯೇಕ ಶಾಸನಗಳನ್ನು ಅಶೋಕನು ಅಧಿಕಾರಿಗಳಿಗಾಗಿ ಬರೆಸಿದನು. ಪ್ರಜೆಗಳೆಲ್ಲರೂ ತನ್ನ ಮಕ್ಕಳು, ಯಾರೂ ಕಾರಣವಿಲ್ಲದೆ ಸೆರೆಗೆ ಬೀಳಬಾರದು, ಅಸೂಯೆ, ಕೋಪ, ಕ್ರೌರ್ಯ, ಆತುರ, ಸೋಮಾರಿತನಗಳಿಂದ ಅಧಿಕಾರಿಯು ದೂರವಿರಬೇಕು ಎಂದು ಅವನು ಬುದ್ಧಿ ಹೇಳುತ್ತಾನೆ. ಹಾಗೆ ನಡೆದರೆ ಸ್ವರ್ಗವೂ ದೊರೆಯುತ್ತದೆ, ಅರಸನ ಋಣವೂ ತೀರುತ್ತದೆ ಎನ್ನುತ್ತಾನೆ. ಸ್ವರ್ಗದ ಆಸೆಯನ್ನು ಅವನು ಬಿಟ್ಟಿಲ್ಲ ನಿಜ. ಆದರೆ ಜಗತ್ತಿನ ಒಡೆಯನಾದ ದೇವರ ಆಜ್ಞೆಯೆಂದು ಅವನು ಎಲ್ಲಿಯೂ ಹೇಳಲಿಲ್ಲ. ತಂದೆ ಮಕ್ಕಳನ್ನು ನೋಡುವಂತೆ ನೋಡು ಎಂದನು. ಆ ಮಾತು ಅರ್ಥವಾಗಲು ಯಾವ ಮತಶಾಸ್ತ್ರವೂ ಬೇಕಾಗಲಿಲ್ಲ.

ನಂಬದವರ ಬದುಕು

ಜೈನ, ಬೌದ್ಧ ಪರಂಪರೆಗಳನ್ನು ಬದಿಗಿಟ್ಟು ದೇವರಿಲ್ಲವೆಂದೇ ಸಾರಿದವರನ್ನು ನೋಡೋಣ. ಪಕ್ಕದ ತೆಲುಗು ನಾಡಿನ ಗೋರಾ ಎಂದೇ ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾವ್ (1902–1975) ನಾಸ್ತಿಕತೆಯ ಪ್ರಚಾರವನ್ನೇ ಬದುಕಾಗಿಸಿಕೊಂಡವರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿಯೂ ಜನಿವಾರವನ್ನು ತೊರೆದು, ಅಸ್ಪೃಶ್ಯರೆನಿಸಿದವರೊಡನೆ ಕುಳಿತು ಉಂಡರು. 1944ರಲ್ಲಿ ಅವರು ಸೇವಾಗ್ರಾಮದಲ್ಲಿ ಗಾಂಧೀಜಿಯವರನ್ನು ಕಂಡು ಚರ್ಚಿಸಿದರು. ರಾಮನಾಮವನ್ನು ಉಸಿರಾಡಿದ ಮಹಾತ್ಮರು ಆ ನಾಸ್ತಿಕನನ್ನು ದೂರ ತಳ್ಳಲಿಲ್ಲ. ಅದಕ್ಕೂ ಮೊದಲೇ, 1931ರಲ್ಲಿ, ದೇವರೇ ಸತ್ಯ ಎನ್ನುವುದಕ್ಕಿಂತ ಸತ್ಯವೇ ದೇವರು ಎನ್ನುವುದು ಹೆಚ್ಚು ಸರಿಯೆಂಬ ನಿಲುವನ್ನು ಗಾಂಧೀಜಿ ಪ್ರಕಟಿಸಿದ್ದರು. ನಾಸ್ತಿಕನೂ ಸತ್ಯವನ್ನು ಅಲ್ಲಗಳೆಯುವುದಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲೊಂದು.

ಕರ್ನಾಟಕದಲ್ಲಿ ಡಾ. ಎಚ್. ನರಸಿಂಹಯ್ಯನವರನ್ನು (1920–2005) ಯಾರು ಮರೆಯಬಲ್ಲರು? 1942ರ ಚಳವಳಿಯಲ್ಲಿ ಸೆರೆಮನೆ ಸೇರಿದ ಅವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನು ರಚಿಸಿ ಅನೇಕರ ಕೋಪಕ್ಕೆ ಗುರಿಯಾದರು. ಆ ವಿಚಾರವಾದಿಯು ಮದುವೆಯಾಗದೆ, ಖಾದಿಯುಟ್ಟು, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಬದುಕು ಸವೆಸಿದರು. ಬಡ ಮಕ್ಕಳ ವಿದ್ಯೆಯೇ ಅವರ ಚಿಂತೆಯಾಗಿತ್ತು. ಬಡತನದ ವ್ರತವನ್ನು ತೊಟ್ಟ ನಮ್ಮಂಥ ಗುರುಗಳಿಗೂ ಆ ಸರಳತೆ ಸವಾಲೆನಿಸುತ್ತದೆ.

ಹಾಗೆಂದು ನಾಸ್ತಿಕತೆಯೇ ಸದ್ಗುಣವೆಂದು ಭಾವಿಸಬೇಕಾಗಿಲ್ಲ. 1967ರಲ್ಲಿ ಅಲ್ಬೇನಿಯಾದ ಸರ್ಕಾರವು ತನ್ನ ದೇಶವನ್ನು ನಾಸ್ತಿಕ ರಾಷ್ಟ್ರವೆಂದು ಸಾರಿ ದೇವಾಲಯಗಳನ್ನೂ ಮಸೀದಿಗಳನ್ನೂ ಮುಚ್ಚಿಸಿತು. ಯಾಜಕರನ್ನು ಸೆರೆಗೆ ತಳ್ಳಿತು. ದೇವರನ್ನು ಸಿಂಹಾಸನದಿಂದ ಇಳಿಸಿದ ಕಡೆಯಲ್ಲಿ ಪಕ್ಷವೋ ನಾಯಕನೋ ಏರಿ ಕುಳಿತರೆ ಆಗುವ ಅನಾಹುತವಿದು. ಆದ್ದರಿಂದ ನಂಬದಿರುವಿಕೆಯೊಂದೇ ಯಾರನ್ನೂ ಒಳ್ಳೆಯವನನ್ನಾಗಿ ಮಾಡದು, ಕೆಟ್ಟವನನ್ನಾಗಿಯೂ ಮಾಡದು.

ನಂಬಿಕೆ ದಾರಿ ತಪ್ಪಿದಾಗ

ನಂಬಿಕೆಯ ವಿಷಯದಲ್ಲಿಯೂ ಇದೇ ಮಾತು ನಿಲ್ಲುತ್ತದೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿತ್ತು. ಗ್ರಹಣದ ಹೊತ್ತಿನಲ್ಲಿ ಹಾಗೆ ಮಾಡಿದರೆ ಅಂಗವೈಕಲ್ಯ ವಾಸಿಯಾಗುವುದೆಂಬ ನಂಬಿಕೆ ಅದರ ಹಿಂದೆ ಇತ್ತು. ಆ ತಾಯಿತಂದೆಯರು ಕ್ರೂರಿಗಳಲ್ಲ. ವೈದ್ಯರ ಬಳಿ ಉತ್ತರ ಸಿಗದೆ, ಮಗು ಎದ್ದು ನಡೆಯಲೆಂಬ ಒಂದೇ ಹಂಬಲದಿಂದ ಗುಂಡಿ ತೋಡಿದವರು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯಲು ಕರ್ನಾಟಕದ ಶಾಸನಸಭೆ 2017ರಲ್ಲಿ ಅಂಗೀಕರಿಸಿದ ಕಾನೂನು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಪ್ರೀತಿಯಿದ್ದರೂ ವಿವೇಕವಿಲ್ಲದಿದ್ದರೆ ನಂಬಿಕೆಯು ಮಗುವಿನ ಕುತ್ತಿಗೆಗೇ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಾವು ಕಥೋಲಿಕರು ಇದನ್ನು ಓದಿ ತಲೆಯಾಡಿಸಿ ಸುಮ್ಮನಾಗುವಂತಿಲ್ಲ. ದೇವಾಲಯದ ಹಬ್ಬಕ್ಕೆ ಧಾರಾಳವಾಗಿ ಕೊಟ್ಟು, ಮನೆಗೆಲಸದ ಹೆಂಗಸಿನ ಸಂಬಳವನ್ನು ಹಿಡಿದಿಡುವವರು ನಮ್ಮಲ್ಲಿಲ್ಲವೇ? ಜಪಸರ ಹಿಡಿದ ಕೈಯೇ ವರದಕ್ಷಿಣೆಯ ಪಟ್ಟಿಯನ್ನು ಬರೆಯುವುದಿಲ್ಲವೇ? ಒಂದೇ ಬಲಿಪೀಠದಿಂದ ಪರಮಪ್ರಸಾದ ಸ್ವೀಕರಿಸಿದವರು ಮದುವೆಯ ಮಾತು ಬಂದಾಗ ಜಾತಿಯನ್ನು ಕೇಳುವುದಿಲ್ಲವೇ?

ಸಾಕ್ರಟೀಸನ ಹಳೆಯ ಪ್ರಶ್ನೆಯೊಂದನ್ನು ಇಲ್ಲಿ ನೆನೆಯಬಹುದು. ದೇವತೆಗಳು ಮೆಚ್ಚಿದ್ದರಿಂದ ಒಂದು ಕಾರ್ಯ ಒಳ್ಳೆಯದಾಗುತ್ತದೆಯೋ, ಒಳ್ಳೆಯದಾಗಿರುವುದರಿಂದ ದೇವತೆಗಳು ಅದನ್ನು ಮೆಚ್ಚುತ್ತಾರೆಯೋ? ಮೊದಲನೆಯದೇ ನಿಜವಾದರೆ, ಮಗುವನ್ನು ಹೂಳೆಂದು ದೇವರು ಹೇಳಿದರೆ ಹೂಳುವುದೇ ಪುಣ್ಯವಾಗಬೇಕಾಗುತ್ತದೆ. ಸಂತ ಥಾಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಬೇರೊಂದು ದಾರಿಯನ್ನು ತೋರಿಸಿದರು. ಒಳಿತೆಂಬುದು ದೇವರ ಮೇಲೆ ಹೊರಗಿನಿಂದ ಹೇರಿದ ನಿಯಮವಲ್ಲ, ದೇವರ ಮನಸ್ಸಿಗೆ ತೋಚಿದ ಕಟ್ಟಳೆಯೂ ಅಲ್ಲ. ಅದು ದೇವರ ಸ್ವಭಾವವೇ. ಅವರು ಮನುಷ್ಯನಿಗೆ ಕೊಟ್ಟಿರುವ ವಿವೇಕವು ಆ ಒಳಿತಿನಲ್ಲಿ ಪಾಲ್ಗೊಳ್ಳುತ್ತದೆ. ಇದನ್ನೇ ಅವರು ನೈಸರ್ಗಿಕ ನಿಯಮವೆಂದರು. ಹಾಗಾಗಿ ವಿವೇಕಕ್ಕೂ ಕರುಣೆಗೂ ವಿರುದ್ಧವಾದ ಆಜ್ಞೆಯೊಂದನ್ನು ಯಾರಾದರೂ ದೇವರ ಹೆಸರಿನಲ್ಲಿ ತಂದರೆ, ಅದು ದೇವರದಲ್ಲವೆಂದು ಹೇಳುವುದೇ ವಿಶ್ವಾಸಿಯ ಕರ್ತವ್ಯ.

ಧರ್ಮಸಭೆಯ ಬೋಧನೆ

ಈ ವಿಷಯದಲ್ಲಿ ಧರ್ಮಸಭೆಯ ಬೋಧನೆ ನಮ್ಮ ಬೈಗುಳಕ್ಕಿಂತ ಬಹಳ ವಿಶಾಲವಾಗಿದೆ. ಧರ್ಮಶಾಸ್ತ್ರವನ್ನು ಅರಿಯದ ಅನ್ಯಜನರು ಸ್ವಭಾವದಿಂದಲೇ ಅದರಂತೆ ನಡೆದಾಗ, ಆ ಶಾಸ್ತ್ರವು ತಮ್ಮ ಹೃದಯದಲ್ಲಿ ಬರೆಯಲ್ಪಟ್ಟಿದೆಯೆಂದು ತೋರಿಸಿಕೊಡುತ್ತಾರೆ ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಬೋಧಿಸುತ್ತಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಇನ್ನೂ ಸ್ಪಷ್ಟವಾಗಿ ಮಾತನಾಡಿತು. ತಮ್ಮದಲ್ಲದ ದೋಷದಿಂದ ದೇವರನ್ನು ಅರಿಯದೆ ಇದ್ದರೂ ಒಳ್ಳೆಯ ಬಾಳನ್ನು ಬಾಳಲು ಯತ್ನಿಸುವವರಿಗೆ ದೇವರು ರಕ್ಷಣೆಗೆ ಬೇಕಾದ ನೆರವನ್ನು ನಿರಾಕರಿಸುವುದಿಲ್ಲವೆಂದು ಅದು ಸಾರಿತು. ಮರುವರ್ಷ ಅದೇ ಮಹಾಸಭೆಯು, ನಾಸ್ತಿಕತೆ ಹುಟ್ಟುವುದರಲ್ಲಿ ವಿಶ್ವಾಸಿಗಳ ಪಾಲೂ ಸಣ್ಣದಲ್ಲ, ನಮ್ಮ ನಡತೆಯ ಕೊರತೆಗಳು ದೇವರ ಮುಖವನ್ನು ಮರೆಮಾಡುತ್ತವೆ ಎಂದು ಎಚ್ಚರಿಸಿತು. 2025ರಲ್ಲಿ ಪ್ರಭುವಿನಲ್ಲಿ ನಿದ್ರೆಹೋದ ಜಗದ್ಗುರು ಫ್ರಾನ್ಸಿಸರು 2013ರ ಮೇ ತಿಂಗಳ ಒಂದು ಪ್ರಬೋಧನೆಯಲ್ಲಿ, ನಂಬುವವರೂ ನಂಬದವರೂ ಒಳಿತನ್ನು ಮಾಡುತ್ತಾ ಅಲ್ಲಿಯೇ ಪರಸ್ಪರ ಸಂಧಿಸೋಣವೆಂದು ಕರೆದರು.

ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯವನ್ನು ಗಮನವಿಟ್ಟು ಓದಿ. ಅಂತಿಮ ತೀರ್ಪಿನಂದು ಬಲಗಡೆಯಲ್ಲಿ ನಿಲ್ಲುವವರು, ಹಸಿದಿದ್ದ ನಿಮ್ಮನ್ನು ನಾವು ಯಾವಾಗ ಕಂಡೆವೆಂದು ಪ್ರಭುವನ್ನೇ ಕೇಳುತ್ತಾರೆ. ಊಟ ಕೊಡುವಾಗ ಅವರಿಗೆ ಪ್ರಭುವಿನ ಗುರುತು ಸಿಕ್ಕಿರಲಿಲ್ಲ. ಹಸಿದ ಮನುಷ್ಯನೊಬ್ಬನು ಮಾತ್ರ ಕಂಡಿದ್ದನು. ಅಷ್ಟೇ ಸಾಕಾಗಿತ್ತು.

ಭಯ, ಬಹುಮಾನ, ಪ್ರೀತಿ

ಒಳ್ಳೆಯತನದ ಪ್ರೇರಣೆಗಳಲ್ಲಿ ಮೆಟ್ಟಿಲುಗಳಿವೆ. ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1785ರಲ್ಲಿ ಒಬ್ಬ ಅಂಗಡಿಕಾರನ ಉದಾಹರಣೆಯನ್ನು ಕೊಟ್ಟನು. ಗಿರಾಕಿ ತಪ್ಪಿಹೋಗಬಾರದೆಂದು ಸಣ್ಣ ಮಗುವಿಗೂ ಸರಿಯಾದ ಬೆಲೆಗೆ ಮಾರುವವನ ಕಾರ್ಯ ಸರಿಯಾದದ್ದೇ, ಆದರೆ ಅದರಲ್ಲಿ ನೈತಿಕ ಮೌಲ್ಯವಿಲ್ಲ ಎಂಬುದು ಅವನ ಅಭಿಪ್ರಾಯ. ಧರ್ಮಸಭೆಯು ಅಷ್ಟು ಕಠಿಣವಾಗಿಲ್ಲ. 1551ರಲ್ಲಿ ಟ್ರೆಂಟ್ ಮಹಾಸಭೆಯು ಪಶ್ಚಾತ್ತಾಪದಲ್ಲಿ ಎರಡು ಬಗೆಯನ್ನು ಗುರುತಿಸಿತು. ನರಕದ ಭಯದಿಂದಲೋ ಪಾಪದ ಅಸಹ್ಯದಿಂದಲೋ ಹುಟ್ಟುವುದು ಅಪೂರ್ಣ ಪಶ್ಚಾತ್ತಾಪ. ದೇವರ ಮೇಲಣ ಪ್ರೀತಿಯಿಂದ ಹುಟ್ಟುವುದು ಪರಿಪೂರ್ಣ ಪಶ್ಚಾತ್ತಾಪ. ಮೊದಲನೆಯದೂ ದೇವರ ವರವೇ, ಪಾಪನಿವೇದನೆಗೆ ಬರುವವನನ್ನು ಅದು ಸಿದ್ಧಗೊಳಿಸುತ್ತದೆ. ಆದರೆ ಅದು ಹೊಸ್ತಿಲು, ಮನೆಯಲ್ಲ. ಐವತ್ತು ವರ್ಷ ಹೊಸ್ತ​ಿಲ ಮೇಲೆಯೇ ನಿಲ್ಲುವುದು ವಿಶ್ವಾಸದ ಬೆಳವಣಿಗೆಯೆನಿಸದು.

ನಮ್ಮ ನೆರೆಯ ಮುಸಲ್ಮಾನ ಬಾಂಧವರ ಸೂಫಿ ಪರಂಪರೆಯಲ್ಲಿ ಬಸ್ರಾದ ರಾಬಿಯಾಳ ಕಥೆಯೊಂದಿದೆ. ಅವಳು ಒಂದು ಕೈಯಲ್ಲಿ ಬೆಂಕಿಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿದು ಓಡುತ್ತಿದ್ದಳಂತೆ. ಸ್ವರ್ಗಕ್ಕೆ ಬೆಂಕಿಯಿಟ್ಟು ನರಕವನ್ನು ನಂದಿಸಿದರೆ ಜನರು ದೇವರನ್ನು ದೇವರಿಗಾಗಿಯೇ ಪ್ರೀತಿಸಬಹುದೆಂಬುದು ಅವಳ ಬಯಕೆ. ನಮ್ಮ ಕಾಲದ ಸಂತ ಮದರ್ ತೆರೇಸಾ ಅವರ ಬದುಕು ಇದಕ್ಕೆ ಭಾಷ್ಯದಂತಿದೆ. 2007ರಲ್ಲಿ ಪ್ರಕಟವಾದ ಅವರ ಪತ್ರಗಳು ಲೋಕವನ್ನು ಬೆರಗುಗೊಳಿಸಿದವು. ದಶಕಗಳ ಕಾಲ ಅವರಿಗೆ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ, ಒಳಗೆ ಕತ್ತಲೆಯಿತ್ತು. ಆದರೂ ಕೋಲ್ಕತ್ತದ ಬೀದಿಯಲ್ಲಿ ಸಾಯುತ್ತಿದ್ದವರ ಗಾಯವನ್ನು ತೊಳೆಯುವುದನ್ನು ಅವರು ನಿಲ್ಲಿಸಲಿಲ್ಲ. ಸಮಾಧಾನದ ಬಹುಮಾನವಿಲ್ಲದೆಯೂ ಮುಂದುವರಿದದ್ದು ಪ್ರೀತಿಯಲ್ಲದೆ ಮತ್ತೇನು?

ವಿಶ್ವಾಸದಿಂದ ದೊರೆಯುವುದೇನು?

ನಂಬದವನೂ ಒಳ್ಳೆಯವನಾಗಿರಬಲ್ಲನೆಂದರೆ ವಿಶ್ವಾಸವೇಕೆ ಬೇಕು ಎಂದು ಯಾರಾದರೂ ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಡಾರ್ವಿನ್ 1871ರಲ್ಲಿ, ಮನಸ್ಸಾಕ್ಷಿಯು ಕೂಡಿ ಬಾಳುವ ಜೀವಿಗಳ ಸಹಜ ಪ್ರವೃತ್ತಿಯಿಂದ ಬೆಳೆದು ಬಂದಿದೆಯೆಂದು ವಾದಿಸಿದನು. ಬೆಳೆದು ಬಂದಿರಬಹುದು. ದೇವರು ಮನುಷ್ಯನನ್ನು ಯಾವ ದಾರಿಯಿಂದ ಕರೆತಂದರೆಂಬುದನ್ನು ವಿಜ್ಞಾನ ಹೇಳಲಿ. ಆದರೆ ಮನಸ್ಸಾಕ್ಷಿ ಹೇಗೆ ಬಂತೆಂದು ತಿಳಿದ ಮಾತ್ರಕ್ಕೆ ಅದಕ್ಕೆ ಏಕೆ ವಿಧೇಯನಾಗಬೇಕೆಂಬ ಪ್ರಶ್ನೆ ತೀರುವುದಿಲ್ಲ. ಕೋಪವೂ ದುರಾಸೆಯೂ ಅದೇ ದಾರಿಯಿಂದಲೇ ಬಂದಿವೆಯಲ್ಲವೇ? ಅವುಗಳಲ್ಲಿ ಯಾವುದಕ್ಕೆ ತಲೆಬಾಗಬೇಕೆಂಬುದನ್ನು ಬೇರೊಂದು ಬೆಳಕಿನಲ್ಲಿ ನಿರ್ಣಯಿಸಬೇಕಾಗುತ್ತದೆ.

ಆ ಬೆಳಕಿನ ಮೂಲ ದೇವರೆಂದು ನಾವು ನಂಬುತ್ತೇವೆ. ದುಡಿಯಲಾರದ ಮುದುಕನಿಗೂ, ಎದ್ದು ನಡೆಯಲಾರದ ಮಗುವಿಗೂ ಬೆಲೆ ಬಂದದ್ದು ಪ್ರಯೋಜನದಿಂದಲ್ಲ, ದೇವರ ಪ್ರತಿರೂಪವಾದದ್ದರಿಂದ ಎಂದು ವಿಶ್ವಾಸವು ಹೇಳುತ್ತದೆ. ನಾವು ಬಿದ್ದಾಗ ಏಳಲು ಕ್ಷಮೆಯುಂಟೆಂದು ಹೇಳುತ್ತದೆ. ನ್ಯಾಯ ಸಿಗದೆ ಸತ್ತವನ ಲೆಕ್ಕ ಮುಗಿದಿಲ್ಲವೆಂಬ ಭರವಸೆಯನ್ನೂ ಕೊಡುತ್ತದೆ. ಇವು ದೊಡ್ಡ ವರಗಳು. ಆದರೆ ವರಗಳು ಜಂಬಕ್ಕೆ ಕಾರಣವಾಗಬಾರದು. ಹೆಚ್ಚು ಪಡೆದವನಿಂದ ಹೆಚ್ಚು ಕೇಳಲಾಗುವುದೆಂದು ಯೇಸುಸ್ವಾಮಿಯೇ ಹೇಳಿದ್ದಾರೆ. ನಂಬದ ನೆರೆಯವನು ದೀಪವಿಲ್ಲದೆಯೇ ಸರಿದಾರಿಯಲ್ಲಿ ನಡೆಯುತ್ತಿದ್ದರೆ, ದೀಪ ಹಿಡಿದ ನಾವು ಎಡವಿದ್ದಕ್ಕೆ ಯಾವ ನೆಪವನ್ನು ಹೇಳೋಣ?

ಮನೆಯಲ್ಲಿ ಮಾಡಬೇಕಾದದ್ದು

ಹಾಗಾದರೆ ಬಲಿಪೂಜೆಗೆ ಬರುವುದಿಲ್ಲವೆಂದ ಮಗನನ್ನೋ ಮಗಳನ್ನೋ ಹೇಗೆ ನಡೆಸಿಕೊಳ್ಳಬೇಕು? ಮೊದಲನೆಯದಾಗಿ, ಅವರು ಕೆಟ್ಟುಹೋದರೆಂದು ತೀರ್ಮಾನಿಸಬೇಡಿ. ಅವರು ಸುಳ್ಳು ಹೇಳುತ್ತಾರೆಯೇ, ಹೆಂಗಸರನ್ನು ಗೌರವಿಸುತ್ತಾರೆಯೇ, ಮೊದಲ ಸಂಬಳದಲ್ಲಿ ಮನೆಯ ಕಷ್ಟವನ್ನು ನೆನೆದರೇ ಎಂಬುದನ್ನು ನೋಡಿ. ಮನೆಯಲ್ಲಿ ಕಲಿತ ಒಳ್ಳೆಯತನ ಅವರಲ್ಲಿ ಉಳಿದಿದ್ದರೆ ನೀವು ಬಿತ್ತಿದ ಬೀಜ ಸತ್ತಿಲ್ಲವೆಂದು ತಿಳಿಯಿರಿ.

ಎರಡನೆಯದಾಗಿ, ಅವರ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿ. ಅವರು ನಿರಾಕರಿಸುತ್ತಿರುವುದು ದೇವರನ್ನೇ ಆಗಿರಬೇಕಾಗಿಲ್ಲ. ಶಿಕ್ಷೆಗಾಗಿ ಕಾದು ಕುಳಿತ ಕಾವಲುಗಾರನನ್ನೋ, ದೊಡ್ಡವರ ಬೂಟಾಟಿಕೆಯನ್ನೋ ನಿರಾಕರಿಸುತ್ತಿರಬಹುದು. ಅಂಥ ದೇವರನ್ನು ನಾವೂ ನಂಬುವುದಿಲ್ಲವೆಂದು ಅವರಿಗೆ ಹೇಳುವ ಧೈರ್ಯ ನಮಗಿರಲಿ. ಮೂರನೆಯದಾಗಿ, ನರಕದ ಹೆಸರು ಹೇಳಿ ಅವರನ್ನು ಎಳೆದು ತರಬೇಡಿ. ಹೆದರಿ ಮೊಣಕಾಲೂರಿದವನು ಹೆದರಿಕೆ ಕಳೆದ ದಿನ ಎದ್ದು ಹೋಗುತ್ತಾನೆ. ಅವರ ಪಾಲಿನ ಪ್ರಾರ್ಥನೆಯನ್ನು ನೀವು ಸಲ್ಲಿಸಿರಿ, ಊಟದ ಎಲೆಯನ್ನು ಎಂದಿನಂತೆ ಹಾಕಿರಿ, ತಂಗಿಯ ಮದುವೆಯ ಮಾತಿಗೆ ಮೊದಲು ಅಣ್ಣನನ್ನೇ ಕರೆಯಿರಿ.

ಕೊನೆಯದಾಗಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಸ್ವರ್ಗವೂ ನರಕವೂ ಇಲ್ಲವೆಂದು ನಾಳೆ ಬೆಳಿಗ್ಗೆ ಯಾರಾದರೂ ನಮಗೆ ಮನವರಿಕೆ ಮಾಡಿಕೊಟ್ಟರೆ, ನಾವು ಇಂದು ಮಾಡುತ್ತಿರುವ ಒಳ್ಳೆಯ ಕೆಲಸಗಳಲ್ಲಿ ಯಾವುದನ್ನು ಬಿಟ್ಟುಬಿಡುತ್ತಿದ್ದೆವು? ಯಾವುದನ್ನು ಬಿಡುತ್ತಿದ್ದೆವೋ ಅದರಲ್ಲಿ ಪ್ರೀತಿ ಇನ್ನೂ ಬೇರೂರಿಲ್ಲ. ಈ ವಾರದ ಆತ್ಮಪರಿಶೋಧನೆಯನ್ನು ಅಲ್ಲಿಂದಲೇ ಆರಂಭಿಸೋಣ. ಮಕ್ಕಳ ವಿಶ್ವಾಸದ ಲೆಕ್ಕವನ್ನು ಆಮೇಲೆ ಕೇಳೋಣ.